ಲೇಬಲ್ ಕತ್ತರಿಸಲು ಲೇಸರ್ ಯಂತ್ರ: ಕೊಳ್ಳುವ ಮುನ್ನ ಲೆಕ್ಕ ಹಾಕಿರಿ

ಜತ್ತ, ಅಕ್ಕಲಕೋಟೆ ಭಾಗದ ನಮ್ಮ ರೈತ ಬಾಂಧವರು ಒಣದ್ರಾಕ್ಷಿಯನ್ನೂ ದಾಳಿಂಬೆಯನ್ನೂ ಅಡತಿ ಅಂಗಡಿಗೆ ಸುರಿದು ಬರುವುದಕ್ಕಿಂತ ತಮ್ಮ ಸಂಘದ ಹೆಸರಿನಲ್ಲಿಯೇ ಕಟ್ಟಿ ಮಾರುವುದು ಮೇಲು. ಸಾಂಗಲಿಯ ಒಣದ್ರಾಕ್ಷಿಗೂ ಸೊಲ್ಲಾಪುರದ ದಾಳಿಂಬೆಗೂ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರು ಅದನ್ನು ಪೊಟ್ಟಣದ ಮೇಲೆ ಹಾಕಿಕೊಳ್ಳಬಹುದು. ಆದರೆ ಲೇಬಲ್ ಬೇಕೆಂದೊಡನೆ ಲೇಸರ್ ಯಂತ್ರಕ್ಕೆ ಸಂಘದ ಷೇರು ಹಣವನ್ನು ತೊಡಗಿಸುವುದು ಅವಸರದ ಕೆಲಸವೆಂದು ನನ್ನ ಅಭಿಪ್ರಾಯ.

ಮೊದಲು ಒಂದು ಮಾತು. ಈ ಯಂತ್ರ ಅಕ್ಷರ ಮುದ್ರಿಸುವುದಿಲ್ಲ. ಮುದ್ರಿಸಿ ತಂದ ಅಂಟುಕಾಗದವನ್ನು ಬೆಳಕಿನ ಕಿರಣದಿಂದ ಸುಟ್ಟು ಕತ್ತರಿಸುತ್ತದೆ, ಅಷ್ಟೆ. ಹಳೆಯ ಪದ್ಧತಿಯಲ್ಲಿ ಪ್ರತಿ ಆಕಾರಕ್ಕೂ ಉಕ್ಕಿನ ಅಲಗಿನ ಅಚ್ಚು ಮಾಡಿಸಬೇಕು. ಲೇಸರಿಗೆ ಅಚ್ಚು ಬೇಡ. ಗಣಕಯಂತ್ರದಲ್ಲಿ ಗೆರೆ ಬದಲಿಸಿದರೆ ಸಾಕು. ಇಂದು ಎಲೆಯಾಕಾರ, ನಾಳೆ ಗೊಂಚಲಿನಾಕಾರ ಎಂದು ಬಗೆಬಗೆಯಾಗಿ, ಸ್ವಲ್ಪ ಸ್ವಲ್ಪವೇ ಬೇಕಾದವರಿಗೆ ಇದು ನಿಜವಾಗಿಯೂ ಉಪಕಾರಿ. ನಮ್ಮ ಸಂಘಗಳಿಗೆ ಬೇಕಾದದ್ದಾದರೂ ಏನು? ಒಂದೆರಡು ಅಳತೆಯ ಚೌಕ ಚೀಟಿ.

ಪುಣೆಗೆ ಒಂದು, ವಿಜಯಪುರಕ್ಕೆ ಒಂದು ಬೇಕಲ್ಲ ಎಂದು ಕೇಳುವವರುಂಟು. ಕಡ್ಡಾಯದ ವಿವರಗಳು ಇಂಗ್ಲಿಷಿನಲ್ಲಿಯೋ ದೇವನಾಗರಿ ಲಿಪಿಯ ಹಿಂದಿಯಲ್ಲಿಯೋ ಇರಬೇಕು. ಜೊತೆಗೆ ಕನ್ನಡ ಹಾಕಲು ಅಡ್ಡಿಯಿಲ್ಲ, ಅವಶ್ಯವಾಗಿ ಹಾಕಿರಿ. ಆದರೆ ಭಾಷೆ ಬದಲಾದರೆ ಮುದ್ರಣ ಬದಲಾಗುತ್ತದೆ, ಆಕಾರ ಬದಲಾಗುವುದಿಲ್ಲ. ಅದೇ ಅಚ್ಚು ನಡೆಯುತ್ತದೆ.

ಇನ್ನು ಲೆಕ್ಕ. ಎಂಟು ಸೆಂಟಿಮೀಟರ್ ಉದ್ದ, ಐದು ಅಗಲದ ಚೀಟಿಯ ಸುತ್ತಳತೆ 26 ಸೆಂಟಿಮೀಟರ್. ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಓಡುವ ಸಣ್ಣ ಮೇಜು ಯಂತ್ರ, ಮೂಲೆ ತಿರುಗುವ ಹೊತ್ತೂ ಸೇರಿ, ಒಂದಕ್ಕೆ ಮೂರು ಸೆಕೆಂಡು ತೆಗೆದುಕೊಂಡಿತೆನ್ನೋಣ. ಹಂಗಾಮಿಗೆ 20,000 ಪೊಟ್ಟಣವಾದರೆ 60,000 ಸೆಕೆಂಡು, ಅಂದರೆ 16 ತಾಸು 40 ಮಿನಿಟು. ಹಾಳೆ ಹಾಕಿ ತೆಗೆಯುವುದನ್ನು ಕೂಡಿಸಿದರೂ ಮೂರು ದಿನದ ಕೆಲಸ. ಆಮೇಲೆ ವರ್ಷವೆಲ್ಲ ಯಂತ್ರಕ್ಕೆ ಗೋಣಿ ಹೊದಿಸಿ ಇಡುವುದೇ? ಅಗ್ಗದ ಯಂತ್ರಗಳ ಗಾಜಿನ ಕೊಳವೆಯೊಳಗಿನ ಅನಿಲ, ಬಳಸದೆ ಇಟ್ಟರೂ ಕಾಲಕ್ರಮದಲ್ಲಿ ಕೆಡುತ್ತದೆ. ಎತ್ತಾದರೆ ಮನೆಯಲ್ಲಿ ನಿಂತರೂ ಗೊಬ್ಬರ ಕೊಟ್ಟೀತು.

ನಾಲ್ಕಾರು ಸಂಘಗಳು ಕೂಡಿ, ಹೊರಗಿನ ಕೆಲಸವನ್ನೂ ಹಿಡಿಯುವುದಾದರೆ ಮಾತು ಬೇರೆ. ಆಗಲೂ ಕಾಗದಕ್ಕೆ ತಕ್ಕದ್ದು ಇಂಗಾಲಾಮ್ಲ ಅನಿಲದ, ಅಂದರೆ ಸಿಓಟೂ ಲೇಸರ್; ಲೋಹ ಕತ್ತರಿಸುವ ಫೈಬರ್ ಲೇಸರನ್ನು ಯಾರಾದರೂ ಹೊಗಳಿದರೆ ಮರುಳಾಗಕೂಡದು. ಮುದ್ರಿತ ಗುರುತನ್ನು ನೋಡಿ ಸರಿಹೊಂದಿಸಿಕೊಳ್ಳುವ ಕ್ಯಾಮೆರಾ ಇರಲೇಬೇಕು, ಇಲ್ಲವಾದರೆ ಚಿತ್ರ ಒಂದು ಕಡೆ, ಕತ್ತರಿ ಒಂದು ಕಡೆ ಆಗುತ್ತದೆ. ನಿಮ್ಮದೇ ಕಾಗದವನ್ನು ಒಯ್ದು ಎದುರಿಗೇ ಕತ್ತರಿಸಲು ಹೇಳಿರಿ. ಮೇಲಿನ ಚೀಟಿ ತುಂಡಾಗಿ ಕೆಳಗಿನ ಮೇಣದ ಕಾಗದ ಉಳಿಯಬೇಕು. ಬಿಳಿ ಅಂಚು ಕಂದಾಗಿದೆಯೇ ಎಂಬುದನ್ನೂ ನೋಡಬೇಕು. ವಿನೈಲ್ ಎಂದು ಮಾರುವ ಪಿವಿಸಿ ಹಾಳೆಯನ್ನಂತೂ ಹಾಕಲೇಬೇಡಿರಿ. ಅದು ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಯಂತ್ರವನ್ನೂ ತಿನ್ನುತ್ತದೆ, ನಡೆಸುವವನ ಶ್ವಾಸಕೋಶವನ್ನೂ ತಿನ್ನುತ್ತದೆ. ಕಿರಣ ಕಣ್ಣಿಗೆ ಕಾಣದು, ಕಣ್ಣನ್ನು ಸುಡುತ್ತದೆ; ಮುಚ್ಚಳವಿಲ್ಲದ ಯಂತ್ರ ಬೇಡ. ಹೊಗೆ ಹೊರಹಾಕುವ ಕೊಳವೆ, ತಂಪು ನೀರಿನ ಯಂತ್ರ ಇವುಗಳ ಬೆಲೆಯನ್ನೂ ದರಪಟ್ಟಿಯಲ್ಲಿಯೇ ಬರೆಯಿಸಿಕೊಳ್ಳಬೇಕು. ನಮ್ಮ ಬೇಸಗೆಯಲ್ಲಿ ತಂಪು ನೀರಿಲ್ಲದೆ ಕೊಳವೆ ಬಾಳದು.

ಸದ್ಯಕ್ಕೆ ಸೊಲ್ಲಾಪುರ, ಸಾಂಗಲಿಗಳ ಛಾಪಖಾನೆಯಲ್ಲಿ ಒಂದು ಅಚ್ಚು ಮಾಡಿಸಿ, ಅದು ಸಂಘದ ಸ್ವತ್ತೆಂದು ರಸೀತಿಯಲ್ಲಿ ಬರೆಯಿಸಿಕೊಂಡು ಈ ಹಂಗಾಮು ಸಾಗಿಸಿರಿ. ಎಷ್ಟು ಚೀಟಿ ಖರ್ಚಾಯಿತು, ಎಷ್ಟು ಆಕಾರ ಬೇಕಾಯಿತು ಎಂಬುದನ್ನು ಕಾರ್ಯದರ್ಶಿಗಳು ವಹಿಯಲ್ಲಿ ಇಡಲಿ. ಯಂತ್ರದ ಪ್ರಸ್ತಾಪವನ್ನು ಆ ವಹಿಯೊಡನೆ ಮುಂದಿನ ಸಾಮಾನ್ಯ ಸಭೆಗೆ ತರಲಿ.