ಮಾತ್ರೆ ಪುಕ್ಕಟೆ, ದಾರಿ ದುಬಾರಿ

ಬಿಪಿ ಮಾತ್ರೆ, ಶುಗರ್ ಮಾತ್ರೆ, ಥೈರಾಯ್ಡ್ ಮಾತ್ರೆ... ಇವುಗಳ ಡಬ್ಬಿ ಇಲ್ಲದ ಮನೆ ಯಾವುದಿದೆ ಹೇಳಿ? ಮುಗಿದರೆ ಮಗನ ಕೈಗೆ ಚೀಟಿ ಕೊಟ್ಟು ಬೀದಿ ಕೊನೆಯ ಮೆಡಿಕಲ್ ಶಾಪಿನಿಂದ ತರಿಸಿಕೊಳ್ತೀವಿ. ಪಕ್ಕದ ಮನೆಯವರು ಯಾಕೆ ಅಂತ ಕೇಳಿದರೆ ಅರ್ಧ ಗಂಟೆ ಕೂತು ಹೇಳ್ತೀವಿ. ಆದರೆ ಇನ್ನೊಂದು ಮಾತ್ರೆ ಇದೆ. ಅದನ್ನು ಅಕ್ಕಿ ಡಬ್ಬದ ಹಿಂದೋ ಸೀರೆ ಮಡಿಕೆಯ ಒಳಗೋ ಬಚ್ಚಿಟ್ಟು, ಯಾರೂ ನೋಡದ ಹೊತ್ತಲ್ಲಿ ನುಂಗುವವರಿದ್ದಾರೆ. ಎಚ್‌ಐವಿ ಸೋಂಕಿತರಿಗೆ ಕೊಡುವ ಎಆರ್‌ಟಿ ಮಾತ್ರೆ ಅದು.

‘ಅಯ್ಯೋ, ಆ ವಿಷಯ ನಮಗ್ಯಾಕೆ’ ಎಂದು ಪುಟ ತಿರುಗಿಸಬೇಡಿ. ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಸೋಂಕು ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಇವರಲ್ಲಿ ಎಷ್ಟೋ ಮಂದಿ ಗಂಡನನ್ನು ಬಿಟ್ಟು ಬೇರೆಯವರ ಮುಖ ನೋಡದ ಗೃಹಿಣಿಯರು. ನಮ್ಮ ನಿಮ್ಮಂಥವರೇ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡ್ತೀನಿ. 1986ರಲ್ಲಿ ಚೆನ್ನೈನಲ್ಲಿ ಭಾರತದ ಮೊದಲ ಪ್ರಕರಣಗಳು ಪತ್ತೆಯಾದಾಗ ಈ ಕಾಯಿಲೆಗೆ ಮದ್ದೇ ಇರಲಿಲ್ಲ. 2004ರ ಏಪ್ರಿಲ್‌ 1ರಿಂದ ಸರ್ಕಾರ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಶುರುಮಾಡಿತು. ಆಗ ರೋಗನಿರೋಧಕ ಶಕ್ತಿ ಇಂತಿಷ್ಟು ಇಳಿಯುವ ತನಕ ಕಾಯಬೇಕಿತ್ತು. 2017ರಿಂದ ಆ ಕಾಯುವಿಕೆಯೂ ಇಲ್ಲ. ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಉಂಟು. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್‌ ಪತ್ತೆಯಾಗದಷ್ಟು ಕಡಿಮೆ ಆಗಿ ಹಾಗೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಬಸುರಿಯಲ್ಲಿ ಬೇಗ ಗೊತ್ತಾಗಿ ಚಿಕಿತ್ಸೆ ನಡೆದರೆ ಮಗುವನ್ನೂ ಸೋಂಕಿನಿಂದ ಕಾಪಾಡಬಹುದು. ಎಷ್ಟು ದೊಡ್ಡ ಮಾತು ಅಲ್ವಾ?

ಹಾಗಾದರೆ ಇನ್ನೇನು ತೊಂದರೆ ಅಂತೀರಾ? ಆ ‘ತಪ್ಪದೆ’ ಅನ್ನೋ ಪದದಲ್ಲೇ ಇದೆ ತೊಂದರೆ.

ಸೊರಬದ ಆನವಟ್ಟಿ ಕಡೆಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಗಂಡ ತೀರಿಕೊಂಡಿದ್ದಾನೆ. ಅಡಿಕೆ ಸುಲಿಯಲು ಹೋದರೆ ಅಂದಿನ ಕೂಲಿ, ಇಲ್ಲದಿದ್ದರೆ ಇಲ್ಲ. ಜಿಲ್ಲೆಯ ಎಆರ್‌ಟಿ ಕೇಂದ್ರ ಇರುವುದು ಶಿವಮೊಗ್ಗದ ಮೆಗ್ಗಾನ್‌ ಆಸ್ಪತ್ರೆಯಲ್ಲಿ. ಶಿಕಾರಿಪುರದಿಂದಲೇ ಐವತ್ತು ಕಿಲೋಮೀಟರ್‌ ಆಸುಪಾಸು, ಸೊರಬದ ಕಡೆಯಿಂದ ಇನ್ನೂ ದೂರ. ಬೆಳಗ್ಗೆ ಹೊರಟರೆ ಬಸ್ಸು, ಸರದಿ, ರಕ್ತಪರೀಕ್ಷೆ, ಆಪ್ತಸಮಾಲೋಚನೆ ಎಲ್ಲ ಮುಗಿಸಿ ಊರು ಸೇರುವ ಹೊತ್ತಿಗೆ ಕತ್ತಲು. 2023ರ ಜೂನ್‌ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಮಲೆನಾಡಿನ ಎಷ್ಟೋ ರಸ್ತೆಗಳಲ್ಲಿ ಓಡೋದು ಖಾಸಗಿ ಬಸ್ಸುಗಳು. ಅಲ್ಲಿಗೆ ಮಾತ್ರೆ ಪುಕ್ಕಟೆ, ದಾರಿ ದುಬಾರಿ! ‘ಪದೇ ಪದೇ ಶಿವಮೊಗ್ಗಕ್ಕೆ ಯಾಕೆ ಹೋಗ್ತೀಯಾ?’ ಎಂದು ಕೇಳುವ ಅತ್ತಿಗೆಗೆ ಹೇಳಲು ಒಂದು ಸುಳ್ಳನ್ನೂ ಹೊಂದಿಸಿಕೊಳ್ಳಬೇಕು. ಒಂದು ಸಲ ಹೋಗೋದು ತಪ್ಪಿತು, ಮಾತ್ರೆ ನಿಂತಿತು ಅನ್ನಿ. ವೈರಸ್‌ ಮತ್ತೆ ತಲೆ ಎತ್ತುತ್ತೆ. ಹೀಗೇ ಬಿಟ್ಟು ಬಿಟ್ಟು ನುಂಗಿದರೆ ಆ ಔಷಧಿಗೇ ಅದು ಬಗ್ಗದೆ ಹೋಗಬಹುದು.

ಇದಕ್ಕೆ ಪರಿಹಾರ ಸರ್ಕಾರದ ಕೈಯಲ್ಲೇ ಇದೆ. ದೊಡ್ಡ ಕೇಂದ್ರದಲ್ಲಿ ಚಿಕಿತ್ಸೆ ಶುರುವಾಗಿ ಆರೋಗ್ಯ ಸ್ಥಿರವಾದವರಿಗೆ ಹತ್ತಿರದ ಆಸ್ಪತ್ರೆಯಲ್ಲೇ ಮಾತ್ರೆ ಕೊಡುವ ‘ಲಿಂಕ್‌ ಎಆರ್‌ಟಿ’ ಎಂಬ ವ್ಯವಸ್ಥೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಎರಡು-ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟದ್ದೂ ಉಂಟು. ಇವೆರಡೂ ಸೇರಿದರೆ ನಮ್ಮ ಹೆಣ್ಣುಮಗಳ ಅರ್ಧ ಕಷ್ಟ ಕಳೆದ ಹಾಗೆ. ಸ್ಥಿರವಾಗಿರುವ ಪ್ರತಿಯೊಬ್ಬರಿಗೂ ಮೂರು ತಿಂಗಳ ಮಾತ್ರೆ ಸಿಗುವುದು ರೂಢಿಯಾಗಬೇಕು. ವೈರಸ್‌ ಎಷ್ಟಿದೆ ಎಂದು ನೋಡುವ ಪರೀಕ್ಷೆಗೆ ರಕ್ತವನ್ನು ತಾಲೂಕು ಆಸ್ಪತ್ರೆಯಲ್ಲೇ ತೆಗೆದುಕೊಂಡು ಕಳಿಸಬೇಕು. ರಕ್ತ ಪ್ರಯಾಣ ಮಾಡಲಿ, ಕೂಲಿ ಬಿಟ್ಟು ಆ ತಾಯಿ ಯಾಕೆ ಮಾಡಬೇಕು? ಖಾಸಗಿ ಬಸ್ಸಿನಲ್ಲೇ ಬರಬೇಕಾದವರಿಗೆ ಬಸ್‌ ಚಾರ್ಜು ಕೊಡಿ ಎಂದು ಕೇಳುವುದೂ ಅತಿಯಾಸೆ ಅಲ್ಲ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಹತ್ತಿರದ ಆಸ್ಪತ್ರೆ ಎಂದರೆ ಗುರುತಿನವರು ಸಿಗುವ ಆಸ್ಪತ್ರೆ! ಸರದಿಯಲ್ಲಿ ಮುಂದೆ ನಿಂತವರು ಬೀದಿಯವರು, ಚೀಟಿ ಬರೆಯುವವರು ದೂರದ ನೆಂಟರು. ಆ ಭಯಕ್ಕೇ ದೂರವಾದರೂ ಶಿವಮೊಗ್ಗವೇ ವಾಸಿ ಎನ್ನುವವರು ಇದ್ದರೆ ಅದನ್ನು ತಪ್ಪು ಎನ್ನೋ ಹಾಗಿಲ್ಲ. ಆದ್ದರಿಂದ ಎಲ್ಲಿಂದ ಮಾತ್ರೆ ತಗೊಳ್ಳಬೇಕು ಅನ್ನೋ ಆಯ್ಕೆ ಅವರದ್ದೇ ಆಗಿರಬೇಕು. ಎಚ್‌ಐವಿ ಎಂದು ಬೋರ್ಡು ಹಾಕಿದ ಬಾಗಿಲ ಮುಂದೆ ನಿಲ್ಲಿಸುವ ಬದಲು, ಬಿಪಿ, ಶುಗರ್‌ ಮಾತ್ರೆ ಕೊಡುವ ಕಿಟಕಿಯಲ್ಲೇ ಅದನ್ನೂ ಕೊಟ್ಟರೆ ಆಗದೇ? ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ, ಬಾಯಿ ಬಿಗಿ ಇರುವ ಸಿಬ್ಬಂದಿ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ.

ಕಾನೂನೂ ಇದನ್ನೇ ಹೇಳುತ್ತೆ. 2017ರ ಎಚ್‌ಐವಿ ಮತ್ತು ಏಡ್ಸ್‌ ಕಾಯ್ದೆ 2018ರ ಸೆಪ್ಟೆಂಬರ್‌ 10ರಂದು ಜಾರಿಗೆ ಬಂತು. ಸೋಂಕಿನ ಕಾರಣಕ್ಕೆ ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ಇವುಗಳಲ್ಲಿ ತಾರತಮ್ಯ ಮಾಡೋ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ. ದೂರು ಕೇಳಲು ರಾಜ್ಯದಲ್ಲಿ ಒಂಬುಡ್ಸ್‌ಮನ್‌ ಇರಬೇಕು ಎಂದೂ ಅದರಲ್ಲಿದೆ. ಈ ವಿಷಯ ಪ್ರತಿ ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ.

ಸರ್ಕಾರದ ಪಾಲು ಇಷ್ಟಾಯ್ತು. ಮನೆಯಲ್ಲಿ ಕೂತ ನಾವೇನು ಮಾಡಬಹುದು? ಬೇಕಾದಷ್ಟಿದೆ ಕಣ್ರೀ.

* ಸೊಸೆಯೋ ಮಗಳೋ ಬಸುರಿಯಾದರೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ ಪರೀಕ್ಷೆ ಆಗಿದೆಯಾ ಎಂದು ಕೇಳಿಕೊಳ್ಳಲು ಹೇಳಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಇದು ಉಚಿತ, ಗುಟ್ಟೂ ಹೊರಬೀಳುವುದಿಲ್ಲ. ಗಂಡನೂ ಜೊತೆಗೇ ಮಾಡಿಸಿಕೊಳ್ಳಲಿ.

* ಒಟ್ಟಿಗೆ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಒಂದೇ ಶೌಚಾಲಯ ಬಳಸಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. ಇಂಥ ಗುಮಾನಿಯಿಂದ ಮನೆಗೆಲಸದವರನ್ನು ಬಿಡಿಸಬೇಡಿ, ಬಾಡಿಗೆದಾರರನ್ನು ಎಬ್ಬಿಸಬೇಡಿ.

* ಸೋಂಕಿತರಿಗೆ ವಾರಗಟ್ಟಲೆ ಕೆಮ್ಮು, ಜ್ವರ ಇದ್ದರೆ ಕ್ಷಯದ ಪರೀಕ್ಷೆ ತಡ ಮಾಡಬಾರದು. ಅವರ ಜೀವಕ್ಕೆ ದೊಡ್ಡ ಕುತ್ತು ಕ್ಷಯವೇ.

* ಯಾರನ್ನು ಕೇಳೋದು ಎಂದು ತೋಚದಿದ್ದರೆ 1097ಕ್ಕೆ ಫೋನ್‌ ಮಾಡಿ. ಇದು ರಾಷ್ಟ್ರೀಯ ಏಡ್ಸ್‌ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಹೆಸರು ಹೇಳಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಸ್ತ್ರೀಶಕ್ತಿ ಸಂಘದಲ್ಲೋ, ಮದುವೆ ಮನೆಯಲ್ಲೋ ಯಾರಾದರೂ ದನಿ ತಗ್ಗಿಸಿ ‘ಅವಳಿಗೆ ಅದಂತೆ ಕಣ್ರೀ’ ಎಂದು ಶುರುಮಾಡಿದರೆ, ‘ಇದ್ದರೆ ಇರಲಿ ಬಿಡಿ, ಮಾತ್ರೆ ತಗೊಂಡು ಚೆನ್ನಾಗಿರಲಿ’ ಎಂದು ಅಲ್ಲಿಗೇ ಮಾತು ಮುಗಿಸಿ. ಮಾತ್ರೆಯನ್ನು ಸರ್ಕಾರ ಕೊಡಬಹುದು. ಅದನ್ನು ಬಚ್ಚಿಡದೆ ನುಂಗುವ ಧೈರ್ಯ ಬರಬೇಕಾದ್ದು ನಮ್ಮ ನಿಮ್ಮ ನಡುವಿನಿಂದಲೇ. ಏನಂತೀರಿ?