ಸೋತ ತಂಡ ಮೊದಲು ಬದಲಿಸಬೇಕಾದದ್ದು ಆಟಗಾರನನ್ನಲ್ಲ

2016ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್‌ನಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ವಿಡಿಯೊ ಗೇಮ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನಡೆಯಿತು. ಎದುರಾಳಿಗಳಿಬ್ಬರೂ ದಕ್ಷಿಣ ಕೊರಿಯಾದವರೇ. ಮೊದಲ ಎರಡು ಗೇಮ್ ಕಳೆದುಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ತಂಡ ಮುಂದಿನ ಎರಡನ್ನು ಗೆದ್ದು ಸಮ ಮಾಡಿತಾದರೂ ಐದನೆಯದರಲ್ಲಿ ಸೋತಿತು. ಎಸ್‌ಕೆ ಟೆಲಿಕಾಂ ಟಿ1 ಚಾಂಪಿಯನ್ ಆಯಿತು. ಮರುವರ್ಷ ನವೆಂಬರ್ 4ರಂದು ಬೀಜಿಂಗ್‌ನ ‘ಹಕ್ಕಿಗೂಡು’ ಕ್ರೀಡಾಂಗಣದಲ್ಲಿ ಅದೇ ಎರಡು ತಂಡಗಳು ಮತ್ತೆ ಫೈನಲ್‌ನಲ್ಲಿ ಮುಖಾಮುಖಿಯಾದವು. ಈ ಬಾರಿ ಸ್ಯಾಮ್‌ಸಂಗ್ 3–0ಯಿಂದ ಗೆದ್ದಿತು. ಕಣಕ್ಕಿಳಿದವರು ಹಿಂದಿನ ವರ್ಷ ಸೋತಿದ್ದ ಅದೇ ಐವರು.

ಅಂದು ವೇದಿಕೆಯ ಮೇಲೆಯೇ ಅತ್ತವರು ಟಿ1ನ ಲೀ ಸಾಂಗ್-ಹ್ಯೊಕ್. ಜಗತ್ತು ಅವರನ್ನು ‘ಫೇಕರ್’ ಎಂದೇ ಬಲ್ಲದು. ಅವರ ತಂಡವೂ ಮುಂದೆ ಇಂಥದ್ದೇ ದಾರಿ ಸವೆಸಿತು. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೈನಲ್‌ನಲ್ಲಿ ಡಿಆರ್‌ಎಕ್ಸ್ ಎದುರು 2–3ರಿಂದ ಸೋತ ಟಿ1, ಆ ಐವರನ್ನೇ ಉಳಿಸಿಕೊಂಡಿತು. 2023ರಲ್ಲಿ ಸೋಲ್‌ನಲ್ಲಿ, 2024ರಲ್ಲಿ ಲಂಡನ್‌ನಲ್ಲಿ ಆ ಐವರೇ ವಿಶ್ವಕಪ್ ಎತ್ತಿದರು.

ಈ ಎರಡು ಕಥೆಗಳು ನಮ್ಮ ಇ-ಸ್ಪೋರ್ಟ್ಸ್ ಹುಡುಗರಿಗೆ ಗೊತ್ತಿಲ್ಲವೆಂದಲ್ಲ. ಗೆಲುವಿನ ತುಣುಕುಗಳನ್ನು ಅವರು ಹತ್ತಾರು ಸಲ ನೋಡಿರುತ್ತಾರೆ. ಆದರೆ ಟೂರ್ನಿ ಸೋತ ಮರುವಾರವೇ ಇಲ್ಲಿ ತಂಡ ಒಡೆಯುತ್ತದೆ. ಒಬ್ಬನನ್ನು ಕೈಬಿಟ್ಟು ಇನ್ನೊಬ್ಬನನ್ನು ಕರೆತರುತ್ತಾರೆ, ಹೊಸ ಹೆಸರು, ಹೊಸ ಲೋಗೊ. ಸೋತ ಪಂದ್ಯದ ರೆಕಾರ್ಡಿಂಗ್ ಮಾತ್ರ ಯಾರ ಫೋನಿನಲ್ಲೋ ಹಾಗೇ ಬಿದ್ದಿರುತ್ತದೆ, ಜಾಗ ಸಾಲದಾದಾಗ ಅಳಿಸಿಯೂ ಹೋಗುತ್ತದೆ. ಭಾರತದ ಸ್ಪರ್ಧಾತ್ಮಕ ಗೇಮಿಂಗ್ ಹಿಂದೆ ಬೀಳಲು ಪ್ರತಿಭೆಯ ಕೊರತೆಗಿಂತ ಈ ಅಭ್ಯಾಸವೇ ದೊಡ್ಡ ಕಾರಣ. ಪಂದ್ಯ ಮುಗಿದ ಮೇಲೆ ಒಟ್ಟಿಗೆ ಕೂತು ಅದನ್ನು ಮತ್ತೆ ನೋಡುವ ಕೆಲಸವನ್ನು ಇಲ್ಲಿ ಹೆಚ್ಚಿನವರು ಅಭ್ಯಾಸದ ಭಾಗವೆಂದು ಎಣಿಸುತ್ತಿಲ್ಲ.

ಮೊಬೈಲ್‌ನಲ್ಲಿ ಆಡುವ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ (ಬಿಜಿಎಂಐ) ಟೂರ್ನಿಗಳಲ್ಲಿ ಪದೇ ಪದೇ ಕಾಣುವ ಒಂದು ಸನ್ನಿವೇಶ ನೋಡಿ. ಹದಿನಾರು ತಂಡ, ಅರವತ್ತನಾಲ್ಕು ಆಟಗಾರರು. ಆಟದ ಸುರಕ್ಷಿತ ವಲಯ (ಝೋನ್) ಕಿರಿದಾಗುತ್ತಿದೆ. ಒಂದು ಸ್ಕ್ವಾಡ್ ಮನೆ ಬಿಟ್ಟು ಗುಡ್ಡದ ಅಂಚಿಗೆ ಹೊರಡುತ್ತದೆ, ಎರಡು ತಂಡಗಳ ನಡುವೆ ಸಿಕ್ಕಿ ನಾಲ್ವರೂ ಕ್ಷಣಾರ್ಧದಲ್ಲಿ ಔಟ್ ಆಗುತ್ತಾರೆ. ಮುಂದೆ ಹೋದವನು ಮೊದಲು ನಾಕ್ ಆದ (ನೆಲಕ್ಕುರುಳಿದ), ಹಾಗಾಗಿ ಎಲ್ಲ ತಪ್ಪೂ ಅವನದೇ. ಗುಂಪಿನಲ್ಲಿ ಅಲ್ಲಿಗೇ ಚರ್ಚೆ ಮುಗಿಯುತ್ತದೆ.

ಅದೇ ರೆಕಾರ್ಡಿಂಗ್ ಅನ್ನು ಎರಡು ನಿಮಿಷ ಹಿಂದಕ್ಕೆ ಸರಿಸಿದರೆ ಬೇರೆಯೇ ಸಂಗತಿ ಬಯಲಾಗುತ್ತದೆ. ನಾಲ್ವರಲ್ಲೂ ಸೇರಿ ಉಳಿದಿದ್ದ ಸ್ಮೋಕ್ (ಮರೆಗೆ ಹೊಗೆಯೆಬ್ಬಿಸುವ ಗ್ರೆನೇಡ್) ಎರಡೇ, ಅದನ್ನು ಯಾರೂ ಎಣಿಸಿರಲಿಲ್ಲ. ‘ಎಡಗಡೆ ಒಂದು ಸ್ಕ್ವಾಡ್ ಇದೆ’ ಎಂದು ಒಬ್ಬ ಹೇಳಿದ್ದ. ಆದರೆ ಅದೇ ಗಳಿಗೆಯಲ್ಲಿ ಉಳಿದಿಬ್ಬರು ಗಾಡಿಯ ಬಗ್ಗೆ ವಾದಿಸುತ್ತಿದ್ದರು, ಆಟದ ನಡುವೆ ನಿರ್ಧಾರ ಹೇಳುವ ನಾಯಕನಿಗೆ (ಐಜಿಎಲ್) ಆ ಮಾತು ಕೇಳಿಸಲೇ ಇಲ್ಲ. ಮನೆ ಬಿಡುವ ನಿರ್ಧಾರವೂ ಅರ್ಧ ನಿಮಿಷ ತಡವಾಗಿತ್ತು. ಮುಂದೆ ಹೋದವನು ನಾಕ್ ಆದದ್ದು ಈ ಎಲ್ಲದರ ಕೊನೆಯ ಕೊಂಡಿ ಅಷ್ಟೆ. ಅವನನ್ನು ತೆಗೆದುಹಾಕಿದರೂ ಮುಂದಿನ ಟೂರ್ನಿಯಲ್ಲಿ ತಂಡ ಅದೇ ಜಾಗದಲ್ಲಿ ಎಡವುತ್ತದೆ. ಪರದೆಯ ಜೊತೆಗೆ ಮೈಕ್‌ನ ಮಾತುಕತೆಯೂ ರೆಕಾರ್ಡ್ ಆಗಿರಬೇಕು ಎನ್ನುವುದು ಇದಕ್ಕೇ. ಸೋಲಿನ ಕಾರಣ ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ.

ಮರುವೀಕ್ಷಣೆಗೆ ಕೂತ ಮಾತ್ರಕ್ಕೆ ಪಾಠ ಸಿಕ್ಕಿಬಿಡುವುದಿಲ್ಲ. ನೇರಪ್ರಸಾರದ ಕ್ಯಾಮೆರಾ ಗೋಡೆಯಾಚೆ ನಿಂತವರನ್ನೂ ತೋರಿಸುತ್ತದೆ. ಅದನ್ನು ನೋಡಿ ‘ಅಲ್ಲಿ ಶತ್ರು ಇದ್ದನಲ್ಲ, ಯಾಕೆ ಹೋದೆ?’ ಎಂದು ಕೇಳುವುದು ಅನ್ಯಾಯ. ಫಲಿತಾಂಶ ತಿಳಿದ ಮೇಲೆ ಅದು ಮೊದಲೇ ಸ್ಪಷ್ಟವಿತ್ತು ಎಂದು ಮನಸ್ಸಿಗೆ ತೋರುತ್ತದೆ. ಮನೋವಿಜ್ಞಾನಿ ಬರೂಕ್ ಫಿಶ್‌ಹಾಫ್ ಇದನ್ನು 1975ರಲ್ಲೇ ಪ್ರಯೋಗಗಳ ಮೂಲಕ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಮೊದಲು ಆಟಗಾರನ ಸ್ವಂತ ಪರದೆಯ ರೆಕಾರ್ಡಿಂಗ್ ನೋಡಬೇಕು, ನಿರ್ಧಾರಕ್ಕೆ ತುಸು ಮುಂಚೆ ವಿಡಿಯೊ ನಿಲ್ಲಿಸಬೇಕು. ‘ಈ ಹೊತ್ತಿಗೆ ನಿನಗೆ ಏನೇನು ಗೊತ್ತಿತ್ತು?’ ಎಂದು ಕೇಳಬೇಕು. ಗೊತ್ತಿದ್ದಷ್ಟರಲ್ಲಿ ನಿರ್ಧಾರ ಸರಿಯಾಗಿದ್ದರೆ, ಸತ್ತರೂ ಅದು ಸರಿಯೇ. ತಪ್ಪು ನಿರ್ಧಾರ ಮಾಡಿ ಅದೃಷ್ಟದಿಂದ ಬದುಕುಳಿದಿದ್ದರೆ ಅದನ್ನೂ ತಪ್ಪೆಂದೇ ಬರೆದಿಡಬೇಕು. ಗೆದ್ದ ಪಂದ್ಯಗಳನ್ನೂ ಇಷ್ಟೇ ಕಟ್ಟುನಿಟ್ಟಾಗಿ ನೋಡಬೇಕೆನ್ನುವುದು ಇದೇ ಕಾರಣಕ್ಕೆ. ಗೆಲುವು ಮುಚ್ಚಿಹಾಕುವಷ್ಟು ತಪ್ಪುಗಳನ್ನು ಸೋಲು ಮುಚ್ಚುವುದಿಲ್ಲ.

ಸೋಲಿನ ನಿಜವಾದ ಕಾರಣ ಹುಡುಕಿದರೆ ಏನಾಗುತ್ತದೆ ಎನ್ನುವುದಕ್ಕೆ ಡೆನ್ಮಾರ್ಕ್‌ನ ಆಸ್ಟ್ರಾಲಿಸ್ ತಂಡ ಒಳ್ಳೆಯ ಸಾಕ್ಷಿ. ‘ಕೌಂಟರ್-ಸ್ಟ್ರೈಕ್’ ಆಡುವ ಈ ತಂಡದ ಆಟಗಾರರಿಗೆ ನಿರ್ಣಾಯಕ ಘಟ್ಟದಲ್ಲಿ ಕುಸಿಯುವವರು ಎಂಬ ಕೆಟ್ಟ ಹೆಸರಿತ್ತು. ಗುರಿಯಿಡುವುದರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ, ತೊಂದರೆ ಇದ್ದದ್ದು ತಲೆಯೊಳಗೆ. ತಂಡ ಫಿನ್ಲೆಂಡಿನ ಕ್ರೀಡಾ ಮನೋವಿಜ್ಞಾನಿ ಮಿಯಾ ಸ್ಟೆಲ್‌ಬರ್ಗ್ ಅವರನ್ನು ಕರೆತಂದಿತು. ‘ಝೋನಿಕ್’ ಎಂದು ಹೆಸರಾದ ಕೋಚ್ ಡ್ಯಾನಿ ಸೊರೆನ್ಸೆನ್ ಹಿಂದೆ ನಿಂತರು. 2017ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಮೊದಲ ‘ಮೇಜರ್’, ಅಂದರೆ ಆ ಆಟದ ಅತಿದೊಡ್ಡ ಟೂರ್ನಿಯ ಪ್ರಶಸ್ತಿ, ಬಂತು. ಆಮೇಲೆ 2018ರಲ್ಲಿ ಲಂಡನ್, 2019ರಲ್ಲಿ ಕಟೊವಿಟ್ಸೆ ಮತ್ತು ಬರ್ಲಿನ್, ಹೀಗೆ ಸತತ ಮೂರು. ಯಾವ ಗ್ರೆನೇಡನ್ನು ಯಾರು, ಯಾವ ಕ್ಷಣಕ್ಕೆ ಎಸೆಯಬೇಕು ಎನ್ನುವುದರಲ್ಲಿ ಅವರಿಗಿದ್ದ ಶಿಸ್ತನ್ನು ಉಳಿದ ತಂಡಗಳು ನೋಡಿ ಕಲಿತವು. ಆ ಆಟದಲ್ಲಿ ಪ್ರತಿ ಪಂದ್ಯದ ಡೆಮೊ ಕಡತ ಸಿಗುತ್ತದೆ. ಹತ್ತೂ ಆಟಗಾರರ ಕಣ್ಣಿನಿಂದ ಪಂದ್ಯವನ್ನು ಮತ್ತೆ ನೋಡಬಹುದು. ಸೌಲಭ್ಯ ಎಲ್ಲರಿಗೂ ಒಂದೇ, ಅದನ್ನು ಬಳಸಿಕೊಂಡ ಬಗೆ ಮಾತ್ರ ಬೇರೆ.

ಚೆಸ್‌ನಲ್ಲಿ ಇದು ತೀರಾ ಹಳೆಯ ಪದ್ಧತಿ. ಕೈಕುಲುಕಿದ ಮೇಲೆ ಸೋತವನೂ ಗೆದ್ದವನೂ ಅದೇ ಮಣೆಯ ಮುಂದೆ ಕೂತು, ನಡೆಗಳನ್ನು ಹಿಂದಕ್ಕೊಯ್ದು ಇಲ್ಲಿ ಕುದುರೆ ಬಂದಿದ್ದರೆ ಏನಾಗುತ್ತಿತ್ತು ಎಂದು ಹುಡುಕುತ್ತಾರೆ. ಎದುರಾಳಿಯಿಂದಲೇ ಕಲಿಯುವ ಈ ದೊಡ್ಡತನ ಗೇಮಿಂಗ್‌ನಲ್ಲೂ ಇಲ್ಲದಿಲ್ಲ. 2019ರಲ್ಲಿ ಲಾಹೋರ್‌ನ ಅರ್ಸಲಾನ್ ಆಶ್ ‘ಟೆಕ್ಕೆನ್’ ಆಟದಲ್ಲಿ ಇವೊ ಜಪಾನ್ ಮತ್ತು ಲಾಸ್ ವೇಗಸ್‌ನ ಇವೊ ಎರಡೂ ದೊಡ್ಡ ಟೂರ್ನಿಗಳನ್ನು ಗೆದ್ದು ಜಗತ್ತನ್ನು ಬೆರಗುಗೊಳಿಸಿದರು. ತನ್ನನ್ನು ಸೋಲಿಸಬಲ್ಲವರು ತನ್ನ ದೇಶದಲ್ಲಿ ಇನ್ನೂ ಇದ್ದಾರೆ ಎಂದು ಅವರು ಹೇಳಿಕೊಂಡರು. ಆ ಆಟದ ದಿಗ್ಗಜ, ಕೊರಿಯಾದ ‘ನೀ’, ಅದೇ ವರ್ಷ ಖುದ್ದು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಆಟಗಾರರ ಜೊತೆ ಆಡಿದರು. ಅಷ್ಟು ದೊಡ್ಡ ಹೆಸರಿನವರಿಗೆ ಅದು ಅವಮಾನ ಎನಿಸಲಿಲ್ಲ.

ನಮ್ಮವರಿಗೆ ಅಂತರರಾಷ್ಟ್ರೀಯ ಪಂದ್ಯಗಳು ಸಿಗುವುದೇ ಅಪರೂಪ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಮೊದಲ ಬಾರಿ ಪದಕಗಳಿದ್ದವು. ಭಾರತದ ‘ಲೀಗ್ ಆಫ್ ಲೆಜೆಂಡ್ಸ್’ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ವಿಯೆಟ್ನಾಂ ಎದುರು 0–2ರಿಂದ ಸೋತು ಮರಳಿತು. ವರ್ಷಕ್ಕೆ ನೂರು ದೊಡ್ಡ ಪಂದ್ಯ ಆಡುವ ಕೊರಿಯಾದವನಿಗೆ ಒಂದೆರಡು ಪಾಠ ತಪ್ಪಿದರೂ ನಡೆದೀತು. ಒಂದೆರಡೇ ಆಡುವವನು ಒಂದೊಂದು ನಿಮಿಷವನ್ನೂ ಹಿಂಡಿ ರಸ ತೆಗೆಯಬೇಕು.

ಈಗ ಕಾನೂನಿನ ಬಲವೂ ಇದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಹೂಡಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮಾನ್ಯತೆ ಕೊಟ್ಟಿತು. ಕ್ರೀಡೆ ಎಂದು ಕರೆಸಿಕೊಂಡ ಮೇಲೆ ಕ್ರೀಡೆಯ ಶಿಸ್ತೂ ಬರಬೇಕು. ಕಬಡ್ಡಿಗೂ ಕ್ರಿಕೆಟ್‌ಗೂ ವಿಡಿಯೊ ವಿಶ್ಲೇಷಕರು ಬಂದು ವರ್ಷಗಳಾದವು. ಇಡೀ ಆಟವೇ ಪರದೆಯ ಮೇಲೆ ನಡೆಯುವ ಕಡೆ ಅದು ಇನ್ನೂ ರೂಢಿಗೆ ಬಾರದಿರುವುದು ಬೇಸರದ ಸಂಗತಿ.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಗೇಮಿಂಗ್ ಟೂರ್ನಿ ನಡೆಸುವವರು ಇಷ್ಟು ಮಾಡಲಿ. ಬಹುಮಾನದ ಮೊತ್ತದಲ್ಲಿ ಸ್ವಲ್ಪ ಕಡಿತವಾದರೂ ಸರಿ, ಪ್ರತಿ ಪಂದ್ಯವನ್ನೂ ರೆಕಾರ್ಡ್ ಮಾಡಿ ಭಾಗವಹಿಸಿದ ಎಲ್ಲ ತಂಡಗಳಿಗೂ ಕೊಡಲಿ, ಮೊದಲ ಸುತ್ತಿನಲ್ಲೇ ಹೊರಬಿದ್ದವರಿಗೂ. ಆಟಗಾರರು ಸೋತ ರಾತ್ರಿಯೇ ಅದನ್ನು ತೆರೆಯುವುದು ಬೇಡ. ಆಗ ಬರುವುದು ಬೈಗುಳ ಮಾತ್ರ. ಒಂದು ದಿನ ಬಿಟ್ಟು, ತಂಡದವರೆಲ್ಲ ಕೂತು, ನೋಟ್‌ಬುಕ್‌ನಲ್ಲಿ ಮೂರೇ ಮೂರು ತಪ್ಪು ಬರೆದುಕೊಂಡು ಮುಂದಿನ ಅಭ್ಯಾಸ ಪಂದ್ಯದಲ್ಲಿ ಅವುಗಳ ಮೇಲಷ್ಟೇ ದುಡಿಯಲಿ. ಯಾರನ್ನು ಕೈಬಿಡಬೇಕೆಂಬ ಮಾತು ಅದಾದ ಮೇಲೆ ಬರಲಿ.