ಇಂಗ್ಲಿಷು ಯಾರಪ್ಪನ ಸ್ವತ್ತು?

ಹಾಸ್ಟೆಲಿನ ಗೆಳೆಯ ಗೆಳತಿಯರೇ,

ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ 70 ಅಂಕ ತೆಗೆದ ನಮ್ಮ ಹುಡುಗ ಪಿಯುಸಿ ಸೈನ್ಸ್ ಕ್ಲಾಸಿನಲ್ಲಿ ಬಾಯಿ ಬಿಡೋದಿಲ್ಲ. ಲೆಕ್ಚರರ್ ಹೇಳಿದ್ದು ಅರ್ಧ ತಿಳಿಯುತ್ತೆ. ಉಳಿದರ್ಧ ಕೇಳೋಕೆ ನಾಚಿಕೆ. ಕಡೆಗೆ ಟಿ.ಸಿ. ತಗೊಂಡು ಊರಿಗೆ ಹೋಗ್ತಾನೆ. 'ಅವನಿಗೆ ತಲೆ ಇಲ್ಲ' ಅಂತಾರೆ. ತಲೆ ಇಲ್ಲದವನಿಗೆ 70 ಎಲ್ಲಿಂದ ಬಂತು?

ನಡೆದದ್ದು ಇಷ್ಟೆ. ಶಾಲೆಯಲ್ಲಿ ಅವನಿಗೆ ಇಂಗ್ಲಿಷನ್ನು ಕನ್ನಡದಲ್ಲಿ ಕಲಿಸಿದರು. ಮೇಷ್ಟ್ರು ಪಾಠ ಓದಿ ಅರ್ಥ ಹೇಳಿದರು, ಉತ್ತರಗಳನ್ನು ಬೋರ್ಡಿನ ಮೇಲೆ ಬರೆದರು. ಇವನು ಗೈಡು ಹಿಡಿದು ಉರು ಹೊಡೆದ. ಅಷ್ಟು ವರ್ಷದಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ, ಒಂದು ಜಗಳ ಆಡಲಿಲ್ಲ. ಬರೀ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಒಬ್ಬರೇ ಎರಡು ಮೂರು ಕ್ಲಾಸು ನೋಡಬೇಕಾದ ಶಾಲೆಗಳು ನಮ್ಮೂರುಗಳಲ್ಲಿವೆ.

ಉಳ್ಳವರ ಮಕ್ಕಳು ಕ್ಲಾಸಿನಲ್ಲೇ ಎಲ್ಲ ಕಲೀತಾರೆ ಅಂತ ತಿಳೀಬೇಡಿ. ಅಪ್ಪ ಓದೋ ಪೇಪರಿನಲ್ಲಿ, ಚಿಕ್ಕಪ್ಪನ ಫೋನಿನಲ್ಲಿ, ಊಟದ ಹೊತ್ತಿನ ಮಾತಿನಲ್ಲಿ ಅವರಿಗೆ ಇಂಗ್ಲಿಷ್ ಸಿಗುತ್ತೆ. ಶಾಲೆ ಅದರ ಮೇಲೆ ಸೀಲು ಒತ್ತುತ್ತೆ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ 5ನೇ ಕ್ಲಾಸಿನಿಂದ ಇದ್ದ ಇಂಗ್ಲಿಷನ್ನು 2007ರಲ್ಲಿ 1ನೇ ಕ್ಲಾಸಿಗೆ ತಂದರು. 2014ರಲ್ಲಿ ಸುಪ್ರೀಂ ಕೋರ್ಟು, ಖಾಸಗಿ ಶಾಲೆಗಳ ಮೇಲೆ ಸರ್ಕಾರ ಮಾತೃಭಾಷೆಯ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. ದುಡ್ಡಿದ್ದವರ ದಾರಿ ಸಲೀಸಾಯಿತು. ಕನ್ನಡ ಉಳಿಸುವ ಭಾರ ಮಾತ್ರ ನಮ್ಮ ಹೆಗಲಿಗೆ! ಕನ್ನಡ ನಮ್ಮ ಅವ್ವನ ಮಾತು, ಅದನ್ನು ಬಿಡೋ ಪ್ರಶ್ನೆಯೇ ಇಲ್ಲ. ಇಂಗ್ಲಿಷನ್ನೂ ಬಿಡೋದಿಲ್ಲ.

ಶೂದ್ರಾತಿಶೂದ್ರರು ಇಂಗ್ಲಿಷ್ ಕಲೀಬೇಕು ಅಂತ ಸಾವಿತ್ರಿಬಾಯಿ ಫುಲೆ 1854ರಲ್ಲೇ ಪದ್ಯ ಕಟ್ಟಿ ಹೇಳಿದ್ದರು. 1936ರಲ್ಲಿ ಬಾಬಾಸಾಹೇಬರು ಲಾಹೋರಿನ ಸಭೆಗಾಗಿ ಜಾತಿ ವಿನಾಶದ ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದರು. ಕರೆದವರೇ ಹೆದರಿ ಸಭೆ ರದ್ದು ಮಾಡಿದರು. ಬಾಬಾಸಾಹೇಬರು ಸ್ವಂತ ದುಡ್ಡಿನಲ್ಲಿ ಅದನ್ನು ಅಚ್ಚು ಹಾಕಿಸಿದರು. ಆ ಮಾತನ್ನು ಇವತ್ತಿಗೂ ಯಾರೂ ರದ್ದು ಮಾಡೋಕಾಗಿಲ್ಲ.

ನಮ್ಮ ಅವ್ವಂದಿರನ್ನು ನೋಡಿ. ಬಸ್ಸು, ಟಿಕೀಟು, ರೇಷನ್ ಕಾರ್ಡು, ಲೋನು, ಕೇಸು. ಯಾವ ಸ್ಕೂಲು ಕಲಿಸಿತು? ಬದುಕಿನ ಗರಜು ಕಲಿಸಿತು. ಗರಜು ಇರೋ ಕಡೆ ಭಾಷೆ ಬರುತ್ತೆ. ಆ ಗರಜನ್ನು ಹಾಸ್ಟೆಲಿನಲ್ಲೇ ಹುಟ್ಟಿಸೋಣ.

ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂಡಿ ಕೂತುಕೊಳ್ಳಿ. ಒಬ್ಬರು ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದಲಿ, ಉಳಿದವರು ಪ್ರಶ್ನೆ ಹಾಕಲಿ. ಅಸ್ಪೃಶ್ಯತೆಯನ್ನು ಅಳಿಸಿದ ಸಂವಿಧಾನದ 17ನೇ ವಿಧಿ ಇಂಗ್ಲಿಷಿನಲ್ಲಿ ಎರಡೇ ವಾಕ್ಯ. ಅದನ್ನು ಬಿಡಿಸಿ ಬಿಡಿಸಿ ಓದಿ. ಫೋನಿನಲ್ಲಿ ಕ್ರಿಕೆಟ್ ನೋಡೋರು ಇಂಗ್ಲಿಷ್ ಕಾಮೆಂಟರಿ ಹಾಕಿ ನೋಡಿ. ತಪ್ಪಾಗುತ್ತೆ, ಆಗಲಿ. ಕಟ್ಟಳೆ ಒಂದೇ: ತಪ್ಪು ಮಾತಾಡಿದವರನ್ನು ನೋಡಿ ಯಾರೂ ನಗಕೂಡದು. ನಮ್ಮನ್ನು ನೋಡಿ ನಕ್ಕವರು ಹೊರಗೆ ಬೇಕಾದಷ್ಟು ಜನ ಇದ್ದಾರೆ.

ಸರ್ಕಾರವನ್ನೂ ಬಿಡಬೇಡಿ. ಹಾಸ್ಟೆಲಿಗೊಬ್ಬ ಇಂಗ್ಲಿಷ್ ಮೇಷ್ಟ್ರು, ಒಂದು ಇಂಗ್ಲಿಷ್ ಪೇಪರು, ಕೈಗೆ ಸಿಗೋ ಹಾಗೆ ನಾಲ್ಕು ಡಿಕ್ಷನರಿ ಬೇಕು ಅಂತ ಅರ್ಜಿ ಹಾಕಿ. ಆ ಅರ್ಜಿಯನ್ನು ಎಲ್ಲರೂ ಕೂತು ಇಂಗ್ಲಿಷಿನಲ್ಲೇ ಬರೀರಿ.